ನೀರಿಗಿಳಿದ ಮೇಲೆ ಟಿಡಿಎಸ್ ಏನು?

ಪೆನ್ನಿನ ಹಾಗೆ ಕಾಣುವ ಒಂದು ವಸ್ತು ಸದಾ ನನ್ನ ಅಂಗಿಯ ಜೇಬಿನಲ್ಲಿರುತ್ತದೆ. ಬ್ಯಾಂಕಿನಲ್ಲಿ ಚಲನ್ ತುಂಬುವವರು ಯಾರಾದರೂ ಪೆನ್ನು ಕೇಳಿದರೆ ಮರೆತು ಅದನ್ನೇ ಕೊಟ್ಟುಬಿಡುತ್ತೇನೆ. ಅವರು ಮುಚ್ಚಳ ತೆಗೆದು, ನಿಬ್ಬಿರಬೇಕಾದ ಕಡೆ ಎರಡು ಲೋಹದ ಕಡ್ಡಿ ಕಂಡು, ನನ್ನ ಮುಖವನ್ನೊಮ್ಮೆ ನೋಡಿ, ಸದ್ದಿಲ್ಲದೆ ಹಿಂದಕ್ಕೆ ಕೊಡುತ್ತಾರೆ. ಅದು ಟಿಡಿಎಸ್ ಮೀಟರು. ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ಹೇಳುವ ಯಂತ್ರ. ಅದನ್ನು ನಾನು ಬೀಗರ ಮನೆಯ ಪಾನಕಕ್ಕೆ ಅದ್ದಿದ್ದೇನೆ. ಗಣಪತಿ ಬಿಟ್ಟ ಬಕೆಟ್ಟಿಗೂ ಅದ್ದಿದ್ದೇನೆ. ಮದುವೆಯೊಂದರಲ್ಲಿ ಪಂಕ್ತಿಗೆ ಬಡಿಸಿದ ತಿಳಿಸಾರಿನತ್ತ ನನ್ನ ಕೈ ಹೋದಾಗ ಹೆಂಡತಿ ಮಣಿಕಟ್ಟು ಹಿಡಿದುಕೊಂಡಳು. ಧಾರೆಯ ದಿನ ಬಿಟ್ಟರೆ ಅಷ್ಟು ಗಟ್ಟಿಯಾಗಿ ಅವಳು ನನ್ನ ಕೈ ಹಿಡಿದದ್ದು ಆಗಲೇ.

ಇಷ್ಟಕ್ಕೆಲ್ಲ ಮೂಲ, ನಮ್ಮ ಮನೆಯ ಕ್ಯಾಂಡಲ್ ಫಿಲ್ಟರ್ ತೂತು ಬಿದ್ದದ್ದು. ಎರಡಂತಸ್ತಿನ ಸ್ಟೀಲ್ ಫಿಲ್ಟರ್ ಅದು. ಮೇಲಿನಂತಸ್ತಿಗೆ ನೀರು ಸುರಿದರೆ ಪಿಂಗಾಣಿ ಕ್ಯಾಂಡಲುಗಳು ಅದನ್ನು ತೊಟ್ಟು ತೊಟ್ಟಾಗಿ ಕೆಳಗಿಳಿಸುತ್ತಿದ್ದವು. ನೆಂಟರು ಬಂದಾಗ ಕೆಳಗಿನಂತಸ್ತು ಖಾಲಿ ಇರಬೇಕೆಂಬುದು ಅದರ ನಿಯಮ. ಭಾನುವಾರ ಅಮ್ಮ ಕ್ಯಾಂಡಲುಗಳನ್ನು ತೆಗೆದು ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದಳು. ತಿಕ್ಕಿ ತಿಕ್ಕಿ ಅವು ಪೂಜೆಯ ಮೇಣದಬತ್ತಿಗಿಂತ ಸಣ್ಣಗಾದರೂ ಮನೆಯಲ್ಲಿ ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ.

ಅದಕ್ಕೂ ಮುಂಚೆ, ಊರಿನಲ್ಲಿ, ಅಜ್ಜಿ ಕೊಡದ ಬಾಯಿಗೆ ತನ್ನ ಹಳೇ ಸೀರೆಯನ್ನು ಮಡಿಸಿ ಹಿಡಿದು ನೀರು ಸೋಸುತ್ತಿದ್ದಳು. ಕಾಲೇಜು ಸೇರಿದ ಹೊಸತರಲ್ಲಿ ನಾನು ಅವಳಿಗೆ ಸೂಕ್ಷ್ಮಾಣುಗಳ ಗಾತ್ರದ ಬಗ್ಗೆ ಒಂದು ಉಪನ್ಯಾಸ ಕೊಟ್ಟು, ಬಟ್ಟೆಯಿಂದ ಏನೂ ಆಗುವುದಿಲ್ಲ ಎಂದು ಸಾಬೀತು ಮಾಡಿದ್ದೆ. ಅಜ್ಜಿ ಹೋಗಿ ಎಷ್ಟೋ ಕಾಲದ ಮೇಲೆ, 2003ರಲ್ಲಿ, ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ ಪ್ರಕಟಿಸಿದರು. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಪದರಕ್ಕೆ ಕಡಿಮೆಯಿಲ್ಲದಂತೆ ಮಡಿಸಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಸುಮಾರು ಅರ್ಧಕ್ಕಿಳಿದಿತ್ತು. ಕಾಲರಾದ ರೋಗಾಣು ಬಟ್ಟೆಯಲ್ಲಿ ನುಸುಳುವಷ್ಟು ಚಿಕ್ಕದು, ನಿಜ. ಆದರೆ ಅದು ನೀರಿನ ಸಣ್ಣ ಹುಳುಗಳ ಮೈಗೆ ಅಂಟಿಕೊಂಡಿರುತ್ತದೆ. ಹುಳು ಸೀರೆಯಲ್ಲಿ ಸಿಕ್ಕಿಬೀಳುತ್ತದೆ. ಅದರಲ್ಲೂ ಒಗೆದು ಒಗೆದು ಎಳೆ ಉಬ್ಬಿದ ಸೀರೆಯೇ ಶ್ರೇಷ್ಠವಂತೆ. ಬಾವಿಗಿಳಿದು ನೀರು ತುಂಬುತ್ತಿದ್ದ ಉತ್ತರ ಕರ್ನಾಟಕದ ಊರುಗಳನ್ನು ಕಾಡಿದ್ದ ನಾರುಹುಣ್ಣನ್ನು ಓಡಿಸುವುದರಲ್ಲೂ ಬಟ್ಟೆಯಲ್ಲಿ ಸೋಸುವುದು ದೊಡ್ಡ ಪಾತ್ರ ವಹಿಸಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಆ ರೋಗದಿಂದ ಮುಕ್ತ ಎಂದು ಸಾರಿತು. ಇದನ್ನೆಲ್ಲ ಓದಿ ಹೇಳಿದಾಗ ಅಮ್ಮ, "ಹಾಗಾದ್ರೆ ನಿನ್ನ ಹೆಂಡತಿ ಬೀರುವಿನಲ್ಲಿರೋ ಪಾಲಿಯೆಸ್ಟರು ಯಾವುದೂ ಆಗಲ್ಲ ಅನ್ನು" ಎಂದಳು. ಸಂಶೋಧನೆಯೊಂದು ಮನೆಯೊಳಗೆ ಬಂದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ವಿಜ್ಞಾನಿಗಳಿಗೆ ಗೊತ್ತಿರುವುದಿಲ್ಲ.

ಫಿಲ್ಟರ್ ಸತ್ತ ವಾರವೇ, ವಾಸನೆ ಹಿಡಿದವನಂತೆ, ಟೈ ಕಟ್ಟಿದ ಹುಡುಗನೊಬ್ಬ ಬಾಗಿಲು ತಟ್ಟಿದ. ಎರಡು ಗಾಜಿನ ಲೋಟ ಕೇಳಿದ. ಒಂದಕ್ಕೆ ನಮ್ಮ ನಲ್ಲಿಯ ನೀರು, ಇನ್ನೊಂದಕ್ಕೆ ತನ್ನ ಬಾಟಲಿಯ ಆರ್‌ಒ ನೀರು. ನಾಲ್ಕು ಕಡ್ಡಿಗಳಿದ್ದ ಒಂದು ಯಂತ್ರವನ್ನು ಎರಡೂ ಲೋಟಕ್ಕೆ ಇಳಿಬಿಟ್ಟು ಪ್ಲಗ್ ಹಾಕಿದ. ನೋಡನೋಡುತ್ತಿದ್ದಂತೆ ನಮ್ಮ ಲೋಟದ ನೀರು ಹಳದಿಯಾಗಿ, ಕೆಂಪಾಗಿ, ಹಸಿರುಗಪ್ಪಾಗಿ, ಮೇಲೆ ರಾಡಿ ಕಟ್ಟಿತು. ಅವನ ಲೋಟ ಮಾತ್ರ ಸ್ವಚ್ಛ. "ಇದನ್ನೇ ಸಾರ್ ನೀವು ಇಷ್ಟು ವರ್ಷ ಕುಡಿದಿದ್ದು" ಎಂದು ತಗ್ಗಿದ ದನಿಯಲ್ಲಿ, ಸಾವಿನ ಮನೆಗೆ ಬಂದವರ ಹಾಗೆ ಹೇಳಿದ. ನನಗೆ ನನ್ನ ಕರುಳೇ ಕಣ್ಣಿಗೆ ಕಂಡಿತು. ಹೆಂಡತಿ ಮಾತ್ರ ಲೋಟವನ್ನು ನೋಡಿ, "ಗಾಜಿನ ಲೋಟದ ಕಲೆ ಹೋಗುತ್ತಾ?" ಎಂದು ಕೇಳಿದಳು. ನಾನು ಚೆಕ್ ಬರೆದೆ.

ಯಂತ್ರ ಗೋಡೆಗೇರಿದ ಮೇಲೆ, ಪಿಯುಸಿ ಓದುತ್ತಿದ್ದ ಮಗಳು ಆ ಜಾದೂವಿನ ಗುಟ್ಟು ಹೇಳಿದಳು. ಆ ಕಡ್ಡಿಗಳಲ್ಲಿ ಒಂದು ಅಲ್ಯೂಮಿನಿಯಂ, ಒಂದು ಕಬ್ಬಿಣ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗುತ್ತದೆ. ಅಂದರೆ ಲೋಟದಲ್ಲಿ ಕಂಡ ರಾಡಿ ಅವನು ತಂದ ಕಡ್ಡಿಯದು, ನಮ್ಮ ನಲ್ಲಿಯದಲ್ಲ. ಆರ್‌ಒ ನೀರಿನಲ್ಲಿ ಲವಣ ಇಲ್ಲದಂತೆಯೇ ಇರುವುದರಿಂದ ಕರೆಂಟು ಓಡದು, ಕಡ್ಡಿ ಕರಗದು. "ಅವನ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದ್ದರೆ ಅದೂ ಚರಂಡಿ ಬಣ್ಣ ಆಗ್ತಿತ್ತು ಅಪ್ಪ" ಎಂದಳು. ಇವಳ ಕೆಮಿಸ್ಟ್ರಿ ಟ್ಯೂಷನ್ನಿಗೆ ನಾನು ಕಟ್ಟಿದ ಹಣ ಒಂದು ವಾರ ಮುಂಚಿತವಾಗಿ ಫಲ ಕೊಡಬಹುದಿತ್ತು.

ನಮ್ಮದು ಬೆಂಗಳೂರಿನ ದಕ್ಷಿಣದ ಬಡಾವಣೆ. ನಲ್ಲಿಯಲ್ಲಿ ಬರುವುದು ಕಾವೇರಿ. ಜಲಮಂಡಳಿ ಅದನ್ನು ತೊರೆಕಾಡನಹಳ್ಳಿಯಲ್ಲಿ ಶೋಧಿಸಿ, ಕ್ಲೋರಿನ್ ಬೆರೆಸಿ, ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ಕಳಿಸುತ್ತದೆ. ನನ್ನ ಮೀಟರಿನಲ್ಲಿ ಅದರ ಟಿಡಿಎಸ್ 200ರ ಆಸುಪಾಸು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಒಪ್ಪುವ ಮಿತಿ 500. ಬೇರೆ ನೀರೇ ಸಿಗದ ಕಡೆ 2000ದವರೆಗೂ ನಡೆಯಲಿ ಎನ್ನುತ್ತದೆ. ಇನ್ನು ಆರ್‌ಒ ಎಂಬುದು ಹುಟ್ಟಿದ್ದು ಸಮುದ್ರದ ನೀರಿಗಾಗಿ. ಅದು ಲೀಟರಿಗೆ 35,000 ಮಿಲಿಗ್ರಾಮಿನ ಉಪ್ಪುನೀರು. 1959ರ ಹೊತ್ತಿಗೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಎಂಬಿಬ್ಬರು, ಒತ್ತಡ ಹಾಕಿದರೆ ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ಪೊರೆಯನ್ನು ಉಪಯೋಗಕ್ಕೆ ಬರುವಂತೆ ಮಾಡಿದರು. ಅವರು ಸಾಗರವನ್ನು ಸಿಹಿ ಮಾಡಲು ಹೊರಟಿದ್ದರು. ನಾನು ಅದೇ ಪೊರೆಯನ್ನು ತಂದು ಸಿಹಿಯಾಗಿಯೇ ಬರುತ್ತಿದ್ದ ಕಾವೇರಿಗೆ ಅಡ್ಡ ಇಟ್ಟೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಅದಕ್ಕೆ ಕಂತು ಬೇರೆ.

ಬ್ರಹ್ಮಾಸ್ತ್ರದ ಖರ್ಚು ನೀರಿನಲ್ಲೂ ಇತ್ತು. ಒಂದು ಲೋಟ ಶುದ್ಧವಾಗಿ ಈಚೆ ಬರುವಷ್ಟರಲ್ಲಿ ಸುಮಾರು ಮೂರು ಲೋಟ ಹಿಂದಿನ ಸಣ್ಣ ಕೊಳವೆಯಿಂದ ಹೊರಕ್ಕೆ ಹೋಗುತ್ತಿತ್ತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ಹೇಳಿದ್ದು ಈ ಪೋಲಿಗಾಗಿಯೇ. ನಾನು ಪತ್ರಿಕೆಯ ಆ ಪುಟವನ್ನು ಹೆಂಡತಿಗೆ ಕಾಣದ ಹಾಗೆ ಮಡಿಸಿಟ್ಟೆ. ಆದರೆ 2024ರ ಬೇಸಿಗೆ ಬಂತಲ್ಲ! ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ ಆ ಮಾರ್ಚ್ ತಿಂಗಳಲ್ಲಿ ನಮ್ಮ ಅಡುಗೆಮನೆಯ ಕೊಳವೆ ಹಗಲೂ ರಾತ್ರಿ ಗೊಣಗುತ್ತಿತ್ತು. ಅದರ ಕೆಳಗೆ ಮೊದಲು ಒಂದು ಬಕೆಟ್ ಬಂತು, ಆಮೇಲೆ ಎರಡು, ಆಮೇಲೆ ದೀಪಾವಳಿಗೆ ಮಾತ್ರ ಇಳಿಯುತ್ತಿದ್ದ ಹಂಡೆ. ಆ ನೀರಲ್ಲಿ ನೆಲ ಒರೆಸಿ, ಪಾತ್ರೆ ತೊಳೆದು, ಕಮೋಡಿಗೆ ಸುರಿದರೂ ಮುಗಿಯದು. ಬೆಳಗಿನ ಜಾವ ಐದಕ್ಕೆ ಎದ್ದು, ಬಕೆಟ್ ತುಂಬಿತೇ ಎಂದು ನೋಡುವ ಕೆಲಸ ಮನೆಯ ಯಜಮಾನನಾದ ನನಗೆ ಬಂತು. ಹಸು ಸಾಕಿದ್ದರೆ ಹಾಲಾದರೂ ಸಿಗುತ್ತಿತ್ತು.

ಆ ಬೇಸಿಗೆಯಲ್ಲೇ ಇನ್ನೊಂದು ತಮಾಷೆ ನಡೆಯಿತು. ಕಾವೇರಿ ಕೈಕೊಟ್ಟ ದಿನ ಟ್ಯಾಂಕರ್ ತರಿಸಿದೆವು. ಬೋರ್‌ವೆಲ್ಲಿನ ಗಡಸು ನೀರು, ಮೀಟರು 900 ದಾಟಿತು. ನೋಡಿ, ಆ ದಿನ ಯಂತ್ರಕ್ಕೆ ನಿಜವಾದ ಕೆಲಸವಿತ್ತು. ನನಗೋ ಎದೆಯುಬ್ಬಿತು. ಟ್ಯಾಂಕರ್ ನೀರು ಬಂದದ್ದಕ್ಕೆ ಇಡೀ ಬೀದಿಯಲ್ಲಿ ಹಿಗ್ಗಿದವನು ನಾನೊಬ್ಬನೇ.

ನೀರಿಗೆ ರುಚಿಯಿಲ್ಲ ಎಂದು ಅಮ್ಮ ಮೊದಲ ದಿನದಿಂದಲೂ ತಗಾದೆ ತೆಗೆದಿದ್ದಳು. ಮೀಟರು ಇಟ್ಟೆ: 18. ಇಷ್ಟು ಶುದ್ಧ ನೀರನ್ನು ಈ ವಂಶದಲ್ಲಿ ಯಾರೂ ಕುಡಿದಿಲ್ಲ ಎಂದೆ. ಸರ್ವಿಸ್ಸಿಗೆ ಬಂದ ಹುಡುಗ ಅದನ್ನು ಕೇಳಿ ಗಾಬರಿಯಾದ. "ಅಯ್ಯೋ ಸಾರ್, ಅಷ್ಟು ಕಡಿಮೆ ಆಗಬಾರದು, ಮಿನರಲ್ ಎಲ್ಲ ಹೋಗಿಬಿಟ್ಟಿದೆ" ಎಂದು ಒಂದು ಪುಟ್ಟ ತಿರುಪು ತಿರುಗಿಸಿದ. ಅದರ ಹೆಸರು ಟಿಡಿಎಸ್ ಕಂಟ್ರೋಲರು. ಅದು ಮಾಡುವುದಿಷ್ಟೇ: ಪೊರೆಯನ್ನು ದಾಟಿ ಬಂದ ನೀರಿಗೆ, ಪೊರೆಯನ್ನು ದಾಟದ ನಲ್ಲಿ ನೀರನ್ನು ಸ್ವಲ್ಪ ಬೆರೆಸುವುದು. ಜೊತೆಗೆ ಮಿನರಲ್ ಕಾರ್ಟ್ರಿಜ್ ಎಂಬ ಇನ್ನೊಂದು ಕೊಳವೆ, ತೆಗೆದ ಲವಣವನ್ನು ಮರಳಿ ಕೊಡಲು. ತೆಗೆಯಲು ಒಂದು ದರ, ಹಾಕಲು ಇನ್ನೊಂದು ದರ, ವಾರ್ಷಿಕ ಒಪ್ಪಂದದಲ್ಲಿ ಎರಡಕ್ಕೂ ಸೇರಿ ಜಿಎಸ್‌ಟಿ. ತಿರುಪು ತಿರುಗಿದ ಮೇಲೆ ಮೀಟರು ನೋಡಿದರೆ 90. ಅಮ್ಮ ಒಂದು ಗುಟುಕು ಕುಡಿದು, "ಈಗ ಪರವಾಗಿಲ್ಲ, ನಲ್ಲಿ ನೀರಿನ ಥರಾನೇ ಇದೆ" ಎಂದು ಮೆಚ್ಚಿದಳು.

ಅಸಲು ವಿಷಯವೆಂದರೆ, ಈ ಮೀಟರಿಗೆ ಕಾಣುವುದು ವಿದ್ಯುತ್ ಹರಿಯುವ ಲವಣ ಮಾತ್ರ. ನೀರಿಗೆ ಎರಡು ಚಮಚ ಸಕ್ಕರೆ ಕರಗಿಸಿ ಅದ್ದಿ, ಅಂಕಿ ಅಲುಗಾಡುವುದಿಲ್ಲ. ಟೈಫಾಯ್ಡ್, ಕಾಮಾಲೆ ತರುವ ಜೀವಿಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮಂಥ ಕಾವೇರಿ ನೀರಿನ ಮನೆಗೆ ಹೆದರಿಕೆಯಿದ್ದರೆ ಅದು ಲವಣದ್ದಲ್ಲ, ಒಡೆದ ಪೈಪಿನಿಂದ, ತೊಳೆಯದ ತೊಟ್ಟಿಯಿಂದ ಸೇರುವ ಈ ಜೀವಿಗಳದ್ದು. ಅದಕ್ಕೆ ಸೋಸುವ ಒಂದು ಯುಎಫ್ ಪೊರೆ, ಅದರ ಹಿಂದೆ ಒಂದು ಯುವಿ ದೀಪ ಧಾರಾಳ ಸಾಕು. 254 ನ್ಯಾನೋಮೀಟರಿನ ಆ ಬೆಳಕು ಜೀವಾಣುಗಳ ವಂಶವಾಹಿಯನ್ನೇ ಕೆಡಿಸಿ ಸಂತಾನವಿಲ್ಲದಂತೆ ಮಾಡುತ್ತದೆ. ನೀರು ಪೋಲಾಗುವುದೂ ಇಲ್ಲ. ನೀರು ರಾಡಿಯಾಗಿದ್ದರೆ ಮಾತ್ರ ಬೆಳಕು ಒಳಗೆ ತೂರದು. ಇದಿಷ್ಟನ್ನೂ ನಾನು ಊಟದ ಹೊತ್ತಿನಲ್ಲಿ ಬಿಡಿಸಿ ಹೇಳಿದಾಗ ಅಮ್ಮ, "ತೊಟ್ಟಿ ಅಂದ್ಯಲ್ಲ, ನಮ್ಮ ಸಂಪು ತೊಳೆಸಿ ಎಷ್ಟು ವರ್ಷ ಆಯ್ತು?" ಎಂದು ಕೇಳಿದಳು. ಸಂಪಿನ ಮುಚ್ಚಳ ಬಹಳ ಭಾರ. ಆಮೇಲೆ ನನಗೆ ಸೊಂಟನೋವು ಬೇರೆ. ಮಾತನ್ನು ಮಳೆಯ ಕಡೆಗೆ ತಿರುಗಿಸಿದೆ.

ಮನೆಯದ್ದು ಹೀಗಾದರೆ ಪ್ರಯಾಣದ್ದು ಬೇರೆಯೇ ಅಧ್ಯಾಯ. ಹಿಂದೆ ಊರಿಗೆ ಹೊರಟರೆ ಒಂದು ಕೂಜ, ಅದರ ಬಾಯಿಗೆ ಬೋರಲು ಲೋಟ, ಅಷ್ಟೇ. ಈಗ ನನ್ನ ನೀರಿನ ಚೀಲವೇ ಬಟ್ಟೆಯ ಚೀಲಕ್ಕಿಂತ ದೊಡ್ಡದು. ಅದರಲ್ಲಿ ಒಂದು ಫಿಲ್ಟರ್ ಸ್ಟ್ರಾ ಇದೆ. ಕೆರೆಗೆ ಬಾಯಿ ಹಚ್ಚಿ ಹೀರಬಹುದು. ಅದರೊಳಗಿನ ಟೊಳ್ಳು ಎಳೆಗಳ ರಂಧ್ರ 0.2 ಮೈಕ್ರಾನ್, ಬ್ಯಾಕ್ಟೀರಿಯಾ, ಅಮೀಬಾ ದಾಟವು. ವೈರಸ್ಸು ಅದಕ್ಕಿಂತ ಚಿಕ್ಕದಾದ್ದರಿಂದ ಆರಾಮಾಗಿ ದಾಟುತ್ತದೆ. ವೈರಸ್ಸಿಗಾಗಿ ಕ್ಲೋರಿನ್ ಮಾತ್ರೆ ಕೊಂಡೆ. ಹಾಕಿ ಅರ್ಧ ಗಂಟೆ ಕಾಯಬೇಕು. ಅಷ್ಟರಲ್ಲಿ ಬಾಯಾರಿದವರು ಎಳನೀರು ಕುಡಿದು ಬಂದಿರುತ್ತಾರೆ. ಉಳಿದ ನೀರಿಗೆ ಈಜುಕೊಳದ ವಾಸನೆ. ಕಾಯುವುದು ಬೇಡವೆಂದು ಲೋಟದಲ್ಲಿ ಆಡಿಸುವ ಯುವಿ ಕಡ್ಡಿ ತಂದೆ.

ಈ ಕಡ್ಡಿಯಿಂದ ಮಾತ್ರ ನನಗೆ ಲಾಭವಾಗಿದೆ, ಅನ್ಯಾಯ ಹೇಳಬಾರದು. ಹೆದ್ದಾರಿಯ ಹೋಟೆಲೊಂದರಲ್ಲಿ ಮಾಣಿ ನಾಲ್ಕು ಲೋಟಕ್ಕೆ ನಾಲ್ಕು ಬೆರಳು ಅದ್ದಿ ನೀರು ತಂದಿಟ್ಟ. ನಾನು ಏನೂ ಮಾತಾಡದೆ ಕಡ್ಡಿ ತೆಗೆದು ನೀಲಿ ಬೆಳಕು ಹೊತ್ತಿಸಿ ಒಂದೊಂದೇ ಲೋಟದಲ್ಲಿ ಆಡಿಸತೊಡಗಿದೆ. ಮಾಣಿ ಒಳಗೆ ಓಡಿದ. ಮಾಲೀಕರು ಹೊರಗೆ ಬಂದರು. ಆಹಾರ ಇಲಾಖೆಯವರೇ ಎಂದು ಅವರು ಕೇಳಲಿಲ್ಲ, ಅಲ್ಲ ಎಂದು ನಾನೂ ಹೇಳಲಿಲ್ಲ. ಟೇಬಲ್ಲು ಎರಡು ಸಲ ಒರೆಸಿಕೊಂಡಿತು. ಕೇಳದ ಉದ್ದಿನವಡೆ ಬಂತು. ಹೆಂಡತಿ ತಲೆ ಬಗ್ಗಿಸಿ ವಡೆ ತಿಂದಳು. ಮಗಳು ಮಾತ್ರ, "ಅಪ್ಪ, ಚಟ್ನಿಯಲ್ಲೂ ಆಡಿಸು, ಕೇಸರಿಬಾತೂ ಬರಬಹುದು" ಎಂದು ಪಿಸುಗುಟ್ಟಿದಳು.

ಇಷ್ಟೆಲ್ಲ ಸಲಕರಣೆ ಬೇಡ, ನೀರು ಕುದಿಸಿ ಸಾಕು ಎಂದು ಡಾಕ್ಟರು ಹೇಳುತ್ತಾರೆ. ಅದು ಸರಿಯೇ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಬ್ಯಾಕ್ಟೀರಿಯಾ, ವೈರಸ್ಸು, ಅಮೀಬಾ ಮೂರೂ ಹೋಗುತ್ತವೆ. 2,000 ಮೀಟರಿಗಿಂತ ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಮೂರು ನಿಮಿಷ ಬಿಡಬೇಕು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರು. ಅಂದರೆ ಕನ್ನಡನಾಡಿನ ಯಾವ ಮೂಲೆಯಲ್ಲೂ ಒಂದು ನಿಮಿಷಕ್ಕಿಂತ ಹೆಚ್ಚು ಗ್ಯಾಸು ಉರಿಸಬೇಕಾಗಿಲ್ಲ. ಈ ಲೆಕ್ಕವನ್ನು ನಾನೇ ಕಂಡುಹಿಡಿದೆ. ಮನೆಯಲ್ಲಿ ಯಾರೂ ಗಮನಿಸಲಿಲ್ಲ.

ಸಲಕರಣೆಗಳ ಮಾನ ಹೋದದ್ದು ತಲಕಾವೇರಿಯಲ್ಲಿ. ತುಲಾ ಸಂಕ್ರಮಣದ ಜನಜಂಗುಳಿ ಕರಗಿದ ಮೇಲೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು. ಬ್ರಹ್ಮಗಿರಿಯ ಮಂಜು, ಕಾಲಿಗೆ ಕೊರೆಯುವ ಕಲ್ಲು, ಕುಂಡಿಕೆಯ ಮುಂದೆ ಕೈಮುಗಿದು ನಿಂತ ಸಾಲು. ಅಂಗೈಗೆ ತೀರ್ಥ ಬಿತ್ತು. ಎಲ್ಲರೂ ಕುಡಿದು ತಲೆಗೆ ಒರೆಸಿಕೊಂಡರು. ನಾನು ಎಡಗೈಯಿಂದ ಮೆಲ್ಲನೆ ಜೇಬಿನ ಸ್ಟ್ರಾ ತೆಗೆದು ಅಂಗೈಗೆ ಇಳಿಸಿದೆ. ಆ ಸ್ಟ್ರಾ ಬೆರಳು ಗಾತ್ರದ್ದಲ್ಲ, ಕೊಳಲಿನ ಗಾತ್ರದ್ದು. ಸಾಲು ನಿಂತಿತು. "ಅಯ್ಯೋ ನಿನ್ನ! ತೀರ್ಥಕ್ಕೆ ಸ್ಟ್ರಾ ಹಾಕ್ತಿದೀಯಲ್ಲೋ, ಎಳನೀರು ಅಂದುಕೊಂಡ್ಯಾ?" ಎಂದ ಅಮ್ಮನ ದನಿ ಭಾಗಮಂಡಲದವರೆಗೂ ಕೇಳಿಸಿರಬೇಕು. ಅಷ್ಟರಲ್ಲಿ ತೀರ್ಥ ಬೆರಳ ಸಂದಿಯಿಂದ ಸೋರಿ, ನನ್ನ ಪಾಲಿಗೆ ಸಿಕ್ಕಿದ್ದು ಸ್ಟ್ರಾ ಮಾತ್ರ.

ಅಮ್ಮ ಒಂದು ಹಿತ್ತಾಳೆ ಗಿಂಡಿಯ ತುಂಬ ತೀರ್ಥ ಹಿಡಿದುಕೊಂಡಳು. ಇದೇ ಕಾವೇರಿ ನಮ್ಮನೆ ನಲ್ಲಿಗೂ ಬರುತ್ತಾಳಲ್ಲ, ಹೊತ್ತುಕೊಂಡು ಹೋಗಬೇಕೇ ಎಂದು ಕೇಳಿದೆ. "ನಲ್ಲಿಗೆ ಬಂದವಳನ್ನ ನೀನು ಗೋಡೆಗೆ ಕಟ್ಟಿ ಹಿಂಡ್ತೀಯಲ್ಲ" ಎಂದಳು. ಬೆಂಗಳೂರಿಗೆ ಬಂದು ಅವಳು ಆ ತೀರ್ಥದಲ್ಲಿ ಒಂದು ಉದ್ಧರಣೆಯನ್ನು ಪ್ಯೂರಿಫೈಯರಿನ ಟ್ಯಾಂಕಿಗೇ ಬಿಟ್ಟಳು. ಉಳಿದದ್ದು ದೇವರಮನೆಯಲ್ಲಿ, ಕಾಶಿಯಿಂದ ತಂದ ಗಂಗೆಯ ಥಾಲಿಯ ಪಕ್ಕದಲ್ಲಿ ಕುಳಿತಿದೆ. ಬೆಸುಗೆ ಹಾಕಿದ ಆ ತಾಮ್ರದ ಥಾಲಿ ಅಪ್ಪನ ಕಾಲದ್ದು. ಅದರೊಳಗಿನ ನೀರನ್ನು ಅಳೆಯುವ ಆಸೆ ನನಗಿದ್ದೇ ಇದೆ. ಆದರೆ ಅದನ್ನು ಒಡೆಯುವುದು ಯಾರಾದರೂ ಹೊರಡುವ ಹೊತ್ತಿಗೆ ಮಾತ್ರ. ಆಗ ಮೀಟರು ಹಿಡಿದು ನಿಲ್ಲುವವನನ್ನು ಸಮಾಜ ಏನೆಂದೀತು.

ಇಷ್ಟಾದರೂ ನೆಂಟರ ಬಳಗದಲ್ಲಿ ನೀರಿನ ವಿಷಯಕ್ಕೆ ನಾನೇ ಪಂಡಿತ. ಮೊನ್ನೆ ಪಾವಗಡದ ಕಡೆ ತೋಟದ ಮನೆ ಕಟ್ಟಿಸುತ್ತಿರುವ ನನ್ನ ಷಡ್ಡಕ ಫೋನು ಮಾಡಿ, ಪ್ಯೂರಿಫೈಯರ್ ಬಗ್ಗೆ ಒಂದು ಸಲಹೆ ಬೇಕು ಎಂದ. ಎಷ್ಟೋ ಕಾಲದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ. ಸೋಫಾದ ಮೇಲೆ ಕಾಲು ಚಾಚಿ ಕೂತು ಶುರು ಮಾಡಿದೆ. ಯಾವ ಯಂತ್ರ ಅಂತ ಆಮೇಲೆ ಕೇಳು, ಮೊದಲು ನೀರು ಎಲ್ಲಿಯದು ಹೇಳು ಎಂದೆ. ಬೋರ್‌ವೆಲ್ಲು ಎಂದ. ನಿಮ್ಮ ಸೀಮೆಯ ಬೋರ್‌ವೆಲ್ಲು ಅಂದರೆ ಫ್ಲೋರೈಡಿನ ಭಯ, ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಒಂದೂವರೆ ದಾಟಬಾರದು, ದಾಟಿದರೆ ಮೊದಲು ಹಲ್ಲು ಕಂದುತ್ತದೆ, ಆಮೇಲೆ ಮೂಳೆ ಸೆಟೆಯುತ್ತದೆ ಎಂದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಯುವಿಗೆ ಬಗ್ಗುವುದಿಲ್ಲ. ಕ್ಯಾಂಡಲಿಗೆ ಸಿಗುವುದಿಲ್ಲ. ನನ್ನ ಮೀಟರಿಗೂ ಪ್ರತ್ಯೇಕವಾಗಿ ಕಾಣುವುದಿಲ್ಲ. ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸು, ಫ್ಲೋರೈಡ್ ಇದ್ದರೆ ನಿನಗೆ ಬೇಕಾದದ್ದು ಆರ್‌ಒನೇ, ನಮ್ಮ ಬೀದಿಯಲ್ಲಿ ಯಾರಿಗೂ ಬೇಡದ ಯಂತ್ರ ನಿನ್ನ ಅಡುಗೆಮನೆಗೆ ಬೇಕೇ ಬೇಕು ಎಂದು ಲೋಬ್, ಸೌರಿರಾಜನ್ ಇಬ್ಬರನ್ನೂ ಸ್ಮರಿಸಿ ಮುಗಿಸಿದೆ. ಹೆಂಡತಿ ಅಷ್ಟರಲ್ಲಿ ಎರಡು ಸಲ ಬಂದು, ಫೋನಿನಲ್ಲಿ ಆಚೆ ಕಡೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಕಿವಿಗೊಟ್ಟು ನೋಡಿ ಹೋಗಿದ್ದಳು.

ಷಡ್ಡಕ ಇದ್ದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾವಾ, ಆರ್‌ಒ ಆಗಲೇ ತಗೊಂಡಾಯ್ತು, ನನ್ನ ತಮ್ಮ ಕೊಡಿಸಿದ. ನಾನು ಕೇಳಬೇಕು ಅಂದದ್ದು ಬಣ್ಣದ ವಿಚಾರ. ಅಂಗಡಿಯವನು ನಾಳೆ ಡೆಲಿವರಿ ಮಾಡ್ತಾನೆ. ಬಿಳಿ ಬರಲೋ, ಕಪ್ಪು ಬರಲೋ ಅಂತಿದಾನೆ" ಎಂದ.

ಬಿಳಿಯಾದರೆ ಕೊಳೆ ಕಾಣುತ್ತೆ, ಕಪ್ಪೇ ಇರಲಿ ಎಂದೆ.